ಬೆಂಗಾಡಿಗೆ ಯಾವ ಮರ?

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಬಯಲನ್ನು ಬೇಸಗೆಯಲ್ಲಿ ಕಂಡವರು ‘ಇದೇನು ಮರುಭೂಮಿಯೆ?’ ಎಂದು ಕೇಳುವುದುಂಟು. ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡು ಮರುಭೂಮಿ. ನಮ್ಮಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತದೆ. ಪಡುವಣ ಬೆಟ್ಟಸಾಲು ಮುಂಗಾರಿನ ಮೋಡವನ್ನು ತಡೆಯುವುದರಿಂದ ನಾವು ಮಳೆಯ ನೆರಳಿನಲ್ಲಿದ್ದೇವೆ, ಅಷ್ಟೆ. ಇಲ್ಲಿ ಮರ ಬಾಳದೆಂಬುದು ಸೋಮಾರಿಯ ಮಾತು.

ನಿಜವಾದ ಮರುಭೂಮಿಯಲ್ಲಿಯೂ ಮರವುಂಟು. ರಾಜಸ್ಥಾನದ ಥಾರ್ ಸೀಮೆಯ ಖೇಜ್ರಿ ಎಂಬುದು ನಮ್ಮ ಶಮೀವೃಕ್ಷವೇ. ಅದರ ಬೇರು ನೀರನ್ನರಸಿ ಬಹು ಆಳಕ್ಕಿಳಿಯುತ್ತದೆ. ಸೊಪ್ಪು ದನಕರುಗಳಿಗೆ ಮೇವಾಗುತ್ತದೆ. ಬುಡದಲ್ಲಿಯೂ ಪೈರು ಬರುತ್ತದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಬಂದಾಗ ಅಮೃತಾದೇವಿ ಮೊದಲಾದ 363 ಮಂದಿ ಬಿಷ್ಣೋಯಿಗಳು ಮರವನ್ನು ತಬ್ಬಿ ಪ್ರಾಣ ಕೊಟ್ಟರು. ನಾವಾದರೋ ವಿಜಯದಶಮಿಯಂದು ಬನ್ನಿಗೆ ಕೈಮುಗಿದು ಮರುದಿನ ಮರೆಯುತ್ತೇವೆ.

ಆದರೆ ಬದುಕುವ ಮರವೆಲ್ಲ ಬೇಕಾದ ಮರವಲ್ಲ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಎಂತಹ ಬರವನ್ನೂ ತಡೆಯುತ್ತದೆ. ಜೊತೆಗೆ ಗೋಮಾಳವನ್ನೇ ನುಂಗುತ್ತದೆ. ಬೇಗ ಬೆಳೆಯುವುದೆಂದು ನೆಟ್ಟ ನೀಲಗಿರಿ ನೆಲದ ತೇವವನ್ನು ಹೀರುತ್ತದೆಂದು 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಇದನ್ನು ಹೇಳಿದರೆ, ಮಳೆಯನ್ನೇ ನಂಬಿ ಉಳುವ ನನ್ನ ತಂದೆಯವರು, “ಹುಣ್ಸೆ ಕಾಯಿ ಬುಡಗಂಟ ಹೊಟ್ಟೆಗ ಏನ್ ಮಾಡದು, ಮಗ?” ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರ ಈ ಪ್ರಶ್ನೆಗೆ ಪದವಿಯ ಹೊಸ್ತಿಲಲ್ಲಿರುವ ನಾವು ಉತ್ತರ ಕೊಡಬೇಡವೆ? ಹೊಲವನ್ನೆಲ್ಲ ತೋಪು ಮಾಡಬೇಕಿಲ್ಲ. ನಡುವೆ ರಾಗಿ, ಜೋಳ, ಹುರುಳಿ ಇರಲಿ. ಬದುವಿನ ಮೇಲೆ ಹೊಂಗೆ, ಬೇವು ನಿಲ್ಲಲಿ. ಹೊಂಗೆಯ ಸೊಪ್ಪು ಹೊಲಕ್ಕೆ ಗೊಬ್ಬರ, ಬೀಜ ಗಾಣಕ್ಕೆ. ತಡವಾಗಿ ಫಲ ಕೊಡುವ ಹುಣಸೆಯನ್ನು ರಸ್ತೆಯ ಬದಿಗೂ ಕೆರೆಯ ಅಂಗಳದ ಅಂಚಿಗೂ ಊರೇ ನೆಡಲಿ. ದೀರ್ಘಕಾಲ ಕಾಯುವ ಭಾರವನ್ನು ಬಡ ರೈತನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಮಾತು. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವನ್ನು ದೇಶವೆಲ್ಲ ಜುಲೈ ತಿಂಗಳಲ್ಲಿ ಆಚರಿಸುತ್ತದೆ. ನಮ್ಮ ಸೀಮೆಯ ಒಳ್ಳೆಯ ಮಳೆಯಾದರೋ ಮೇ ತಿಂಗಳಲ್ಲೊಮ್ಮೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಮತ್ತೊಮ್ಮೆ. ನಡುವಿನ ಜುಲೈ ಬಡವಾದುದು. ದಿನದರ್ಶಿಕೆಯನ್ನು ನೋಡಿ ನೆಟ್ಟ ಸಸಿ ಒಣಗಿದರೆ ತಪ್ಪು ನೆಲದ್ದೆ? ಮುಂಗಾರು ಹನಿಗೆ ಗುಂಡಿ ತೋಡಿ, ಹಿಂಗಾರಿಗೆ ಸಸಿ ನೆಟ್ಟು, ಮುಂದಿನ ಎರಡು ಬೇಸಗೆ ಕೊಡದಲ್ಲಿ ನೀರು ಹೊಯ್ಯಬೇಕು.

ನಮ್ಮ ಬಿ.ಎ. ತರಗತಿಯ ಅವಧಿ ಮೂರು ವರ್ಷ. ಅದರೊಳಗೆ ಎರಡು ಬೇಸಗೆ ಬಂದೇ ಬರುತ್ತವೆ. ಆದುದರಿಂದ ಮೊದಲ ವರ್ಷದ ವಿದ್ಯಾರ್ಥಿಗಳು ಇಬ್ಬಿಬ್ಬರಂತೆ ಒಂದೊಂದು ಹೊಂಗೆಯನ್ನೋ ಬೇವನ್ನೋ ವಹಿಸಿಕೊಳ್ಳಲಿ ಎಂದು ಅಧ್ಯಾಪಕ ವರ್ಗದಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿಜ್ಞಾಪನೆ. ನೆಟ್ಟ ದಿನ ಭಾವಚಿತ್ರ ಬೇಡ. ಎರಡನೆಯ ಬೇಸಗೆ ಕಳೆದ ಮೇಲೆ ಉಳಿದ ಮರಗಳನ್ನು ಎಣಿಸಿ, ಆ ಸಂಖ್ಯೆಯನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಸಿದರೆ ಸಾಕು.