ಉಜ್ಜುವ ಚಿಕಿತ್ಸೆ ಮತ್ತು ಮುಂಗಡ ಪಾವತಿ

ಕತ್ತು, ಭುಜ, ಮೊಣಕಾಲುಗಳ ಬಿಗಿತಕ್ಕೆ ನುಣುಪಾದ ಉಕ್ಕಿನ ಸಲಕರಣೆಯಿಂದ ಉಜ್ಜುವ ಚಿಕಿತ್ಸೆ ಬೆಂಗಳೂರಿನ ಫಿಸಿಯೋಥೆರಪಿ ಕೇಂದ್ರಗಳಲ್ಲೂ ದೊರೆಯುತ್ತಿದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಗ್ರಾಸ್ಟನ್ ವಿಧಾನವೆಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಇದು, ಚೀನಾದ ಹಳೆಯ ‘ಗ್ವಾ ಶಾ’ ಪದ್ಧತಿಯ ದೂರದ ನೆಂಟ. ದಶಕಗಳ ಕಾಲ ಕಡತಗಳ ಮೇಲೆ ಬಾಗಿದ್ದ ನಾನೂ ಇದರ ‘ಫಲಾನುಭವಿ’. ಉಜ್ಜಿಸಿಕೊಂಡ ದಿನ ಕತ್ತು ಸರಾಗವಾಗಿ ತಿರುಗುತ್ತದೆ ಎಂಬುದನ್ನು ಅಲ್ಲಗಳೆಯಲಾರೆ.

ನನ್ನ ತಕರಾರಿರುವುದು ಅದನ್ನು ಮಾರುವ ಬಗೆಯಲ್ಲಿ. ಸ್ನಾಯುಗಳ ಸುತ್ತ ಕಟ್ಟಿಕೊಂಡ ಅಂಟುಗಳನ್ನು ಒಡೆಯುತ್ತೇವೆ, ಹತ್ತು ಸಿಟ್ಟಿಂಗ್‌ಗಳ ಹಣವನ್ನು ಮೊದಲೇ ಕಟ್ಟಿದರೆ ರಿಯಾಯಿತಿ ಎಂದು ನನಗೆ ಹೇಳಲಾಯಿತು. ಆದರೆ ಹೀಗೆ ಅಂಟುಗಳು ಒಡೆಯುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಗಟ್ಟಿ ಪುರಾವೆಯಿಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳ ಮೊಣಕಾಲಿನ ಗಾಯಗೊಂಡ ಅಸ್ಥಿರಜ್ಜು ನಾಲ್ಕು ವಾರಗಳಲ್ಲಿ ಹೆಚ್ಚು ಬಲಗೊಂಡಿತ್ತು. ಹನ್ನೆರಡು ವಾರಗಳ ಹೊತ್ತಿಗೆ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಮನುಷ್ಯರ ಮೇಲಿನ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2016ರ ವರದಿ, ಕೀಲಿನ ಚಲನೆ ಅಲ್ಪಕಾಲ ಸುಧಾರಿಸಬಹುದೆಂದಷ್ಟೇ ಹೇಳಿತು. 2019ರ ಮತ್ತೊಂದು ಪರಿಶೀಲನೆಗೆ ನೋವಿನ ವಿಷಯದಲ್ಲೂ ನೆಚ್ಚಿಕೊಳ್ಳುವಂಥ ಲಾಭ ಕಾಣಲಿಲ್ಲ. ಅಲ್ಪಕಾಲದ ಆರಾಮವೂ ಆರಾಮವೇ. ವ್ಯಾಯಾಮ ಮಾಡಲು ಅಷ್ಟು ಹೊತ್ತು ಅನುಕೂಲವಾದರೆ ಅದಕ್ಕೊಂದು ಬೆಲೆಯಿದೆ. ಆ ಬೆಲೆ ಹತ್ತು ಸಿಟ್ಟಿಂಗ್‌ಗಳ ಮುಂಗಡವೇ?

ವೈದ್ಯರಿಗೆ ತಿಳಿದಿರುವುದಕ್ಕೂ ರೋಗಿಗೆ ತಿಳಿದಿರುವುದಕ್ಕೂ ಇರುವ ಅಂತರದಿಂದ ಚಿಕಿತ್ಸೆಯ ಮಾರುಕಟ್ಟೆ ತರಕಾರಿ ಸಂತೆಯಂತೆ ನಡೆಯುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಬದನೆಕಾಯಿಯನ್ನಾದರೂ ಒತ್ತಿ ನೋಡಿ ಕೊಳ್ಳಬಹುದು. ಫಿಸಿಯೋಥೆರಪಿಯೂ ಸೇರಿದಂತೆ ಸಹವೈದ್ಯಕೀಯ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ ಸಂಸತ್ತು 2021ರಲ್ಲಿ ಕಾಯ್ದೆ ಮಾಡಿದ್ದು ಸ್ವಾಗತಾರ್ಹ. ಆದರೆ ನೋಂದಣಿಯಿಂದ ತಿಳಿಯುವುದು ಚಿಕಿತ್ಸೆ ನೀಡುವವರ ಅರ್ಹತೆ ಮಾತ್ರ. ನಾವು ಕೊಳ್ಳುತ್ತಿರುವುದು ಏನೆಂಬುದು ಅದರಿಂದ ತಿಳಿಯದು.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಉಜ್ಜಿದ ಜಾಗ ಕೆಂಪಾಗುವುದು, ಕೆಲವೊಮ್ಮೆ ಕಂದುಗಟ್ಟುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ. ನನ್ನ ವಯಸ್ಸಿನವರಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು. ಅಂಥವರಿಗೆ ಅಪಾಯ ಹೆಚ್ಚು. ನಾನು ಹೋದ ಕೇಂದ್ರದಲ್ಲಿ ಹಣ ಪಾವತಿಯ ವಿಧಾನವನ್ನು ವಿಚಾರಿಸಿದರೇ ಹೊರತು ಮಾತ್ರೆಗಳ ವಿಷಯ ಎತ್ತಲಿಲ್ಲ.

ವೃತ್ತಿ ಮಂಡಳಿಗಳು ಇಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ನಿರೀಕ್ಷಿತ ಲಾಭ, ಅದರ ಮಿತಿ, ಯಾರಿಗೆ ಇದು ಸಲ್ಲದು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳಾವುವು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ರೋಗಿಯ ಕೈಗೆ ಕೊಡುವುದನ್ನು ಕಡ್ಡಾಯಗೊಳಿಸಲಿ. ಹಣವನ್ನು ಆಯಾ ಸಿಟ್ಟಿಂಗ್ ಮುಗಿದ ಮೇಲೆ ಪಡೆಯಲಿ.