ಮೇಜರ್ ಆಗೋ ಆಸೆ

ಟೆಕ್ಸಾಸ್‌ಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್. ಓಡಾಡುತ್ತಾ ರಟ್ಟಿನ ಗುರಿಗಳಿಗೆ ಹೊಡೀಬೇಕು. ಬಂದ ಅಂಕವನ್ನು ಸೆಕೆಂಡುಗಳಿಂದ ಭಾಗಿಸಿದರೆ ಸ್ಕೋರ್.

ಇಲ್ಲಿ ಗುಂಡಿಗೂ 'ಪವರ್ ಫ್ಯಾಕ್ಟರ್' ಉಂಟು. ಗ್ರೇನ್ ಲೆಕ್ಕದ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಅನ್ನೋ ವೇಗದಿಂದ ಗುಣಿಸಿ, 1000ದಿಂದ ಭಾಗಿಸಬೇಕು. ಯುಎಸ್‌ಪಿಎಸ್‌ಎ ನಿಯಮದಲ್ಲಿ 165 ಮುಟ್ಟಿದರೆ ಮೇಜರ್, 125 ಮುಟ್ಟಿದರೆ ಮೈನರ್. ನಾನಿರುವ ಲಿಮಿಟೆಡ್ ವಿಭಾಗದಲ್ಲಿ ಎರಡೂ ನಡೆಯುತ್ತೆ. ಗುರಿಯ ನಡುವಿನ 'ಎ' ವಲಯಕ್ಕೆ ಎರಡರಲ್ಲೂ 5 ಅಂಕ. 'ಸಿ'ಗೆ ಬಿದ್ದರೆ ಮೇಜರ್‌ಗೆ 4, ಮೈನರ್‌ಗೆ 3. 'ಡಿ'ಗೆ 2 ಮತ್ತು 1.

"ಮೇಜರ್ ಹೊಡಿ ಗುರು, ತಪ್ಪಿದ್ರೂ ಮಾಫಿ" ಅಂದ ಕನ್ನಡದ ಗೆಳೆಯ. ಎರಡು ತಿಂಗಳು ಹೊಡೆದೆ. ಒದೆತ ಜೋರು. ಟ್ರಿಗರ್ ಎಳೆಯೋ ಮೊದಲೇ ಕೈ ಬೆಚ್ಚಿ ಗುಂಡು ಕೆಳಗೆ ಹೋಗ್ತಿತ್ತು. ದಿನವಿಡೀ ಕೀಬೋರ್ಡ್ ಕುಟ್ಟುವ ಮಣಿಕಟ್ಟು ಬೇರೆ ನೋವು.

ಕೊನೆಗೆ ಲೆಕ್ಕ ಹಾಕಿದೆ. ಮೈನರ್‌ನಲ್ಲಿ 24 ಗುಂಡಿಗೆ 14 ಎ, 8 ಸಿ, 2 ಡಿ: 96 ಅಂಕ, 12 ಸೆಕೆಂಡು, ಸ್ಕೋರ್ 8. ಅದೇ ಹೊಡೆತಗಳಿಗೆ ಮೇಜರ್‌ನಲ್ಲಿ 106. ಆದರೆ ಒಂದೂಕಾಲು ಸೆಕೆಂಡು ತಡವಾದರೆ ಅದೂ 8ಕ್ಕೇ ಇಳಿಯುತ್ತೆ. ನನಗೆ ಎರಡು ಸೆಕೆಂಡು ತಡವಾಗ್ತಿತ್ತು!

ಮಾಫಿ ಬೇಕಿರೋದು ನನ್ನಂಥ ತಪ್ಪು ಮಾಡೋನಿಗೇ. ಆದ್ರೆ ಆ ಮಾಫಿಯ ಒದೆತವೇ ತಪ್ಪನ್ನು ಹೆಚ್ಚಿಸ್ತಿತ್ತು. ಈಗ ಮೈನರ್‌ಗೆ ಇಳಿದಿದ್ದೀನಿ. ಗೆಳೆಯ ನಗ್ತಾನೆ, ನಗಲಿ. ಕೈ ಪಳಗಿದ ಮೇಲೆ ಮೇಜರ್‌ಗೆ ಹೋಗೋಣ ಅಂದ್ಕೊಂಡಿದ್ದೆ. ಆದ್ರೆ ಎಲ್ಲಾ ಎ ಬೀಳೋಕೆ ಶುರುವಾದ್ರೆ ಮೇಜರ್‌ನಿಂದ ಲಾಭವೇ ಇಲ್ವಲ್ಲ!