ಹಳೆಯ ಕಾರು, ದೂರದ ದಾರಿ: ಅಗ್ಗವೆಂಬುದು ಯಾವ ಲೆಕ್ಕದಲ್ಲಿ?

ಉದ್ಯೋಗ ಬೆಂಗಳೂರಿನಲ್ಲಿ, ಮನೆ ತುಮಕೂರಿನಲ್ಲಿ. ಹೀಗೆ ಎರಡು ಊರುಗಳ ನಡುವೆ ದಿನವನ್ನು ಹಂಚಿಕೊಂಡವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪ್ರತಿ ಬೆಳಗ್ಗೆ ಕಾಣಸಿಗುತ್ತಾರೆ. ರಾಜಧಾನಿಯ ಮನೆ ಬಾಡಿಗೆ ಭರಿಸಲಾಗದವರು, ಮಕ್ಕಳ ಶಾಲೆ ಬದಲಿಸಲು ಇಷ್ಟವಿಲ್ಲದವರು, ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಬರಲಾರದವರು ಈ ಮಾರ್ಗದ ಕಾಯಂ ಪ್ರಯಾಣಿಕರು. ರೈಲಿನ ವೇಳೆಗೂ ಕಚೇರಿಯ ಪಾಳಿಗೂ ಹೊಂದಿಕೆಯಾಗದಿದ್ದಾಗ ಇವರಲ್ಲಿ ಅನೇಕರು ಮೊರೆ ಹೋಗುವುದು ಸೆಕೆಂಡ್ ಹ್ಯಾಂಡ್ ಕಾರಿಗೆ.

ಕಾರು ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ ‘ಎಷ್ಟಕ್ಕೆ ಸಿಗುತ್ತದೆ?’ ಎಂಬುದು. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವವನಿಗೆ ಅದು ಸರಿಯಾದ ಪ್ರಶ್ನೆ. ಆದರೆ ದಿನವೂ ದೂರದ ದಾರಿ ಸವೆಸುವವನಿಗೆ ಅದು ದಾರಿ ತಪ್ಪಿಸುವ ಪ್ರಶ್ನೆ. ಅವನು ಕೊಳ್ಳುವುದು ಕಾರನ್ನಲ್ಲ, ಕಿಲೋಮೀಟರುಗಳನ್ನು. ಹೀಗಾಗಿ ಅವನು ಅಳೆದು ತೂಗಬೇಕಾದದ್ದು ಕಾರಿನ ಬೆಲೆಗಿಂತ ಹೆಚ್ಚಾಗಿ ಕಿಲೋಮೀಟರಿನ ಬೆಲೆಯನ್ನು.

ವರ್ಷಕ್ಕೆ ನಲವತ್ತು ಸಾವಿರ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೋಗಿಬರಲು 140 ಕಿ.ಮೀ. ತಿಂಗಳಿಗೆ 24 ದಿನ ಕೆಲಸವೆಂದರೆ 3,360 ಕಿ.ಮೀ., ವರ್ಷಕ್ಕೆ ನಲವತ್ತು ಸಾವಿರ ಕಿಲೋಮೀಟರುಗಳ ಆಸುಪಾಸು. ಹತ್ತು ಸಾವಿರ ಕಿ.ಮೀ.ಗೆ ಒಂದು ಸರ್ವಿಸ್ ಎಂಬ ರೂಢಿಯಂತೆ ವರ್ಷಕ್ಕೆ ನಾಲ್ಕು ಸರ್ವಿಸ್. ವರ್ಷ, ಒಂದೂಕಾಲು ವರ್ಷಕ್ಕೊಮ್ಮೆ ಹೊಸ ಟೈರುಗಳು. ಅರವತ್ತು ಸಾವಿರ ಕಿ.ಮೀ. ಓಡಿದ ಕಾರನ್ನು ಇಂದು ಕೊಂಡರೆ ನಾಲ್ಕು ವರ್ಷಗಳಲ್ಲಿ ಅದು ಎರಡು ಲಕ್ಷದ ಗಡಿ ದಾಟಿರುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂಬ ದುಂಡು ಅಂಕಿಯನ್ನು ಇಟ್ಟುಕೊಳ್ಳೋಣ. ಲೀಟರಿಗೆ 14 ಕಿ.ಮೀ. ಕೊಡುವ ಹಳೆಯ ಕಾರು ವರ್ಷಕ್ಕೆ 2.86 ಲಕ್ಷ ರೂಪಾಯಿಯ ಪೆಟ್ರೋಲ್ ಕುಡಿಯುತ್ತದೆ. 18 ಕಿ.ಮೀ. ಕೊಡುವ ಕಾರಿಗೆ 2.22 ಲಕ್ಷ ಸಾಕು. ವ್ಯತ್ಯಾಸ ವರ್ಷಕ್ಕೆ ಸುಮಾರು 63,500 ರೂಪಾಯಿ. ಎರಡೂವರೆ ಲಕ್ಷಕ್ಕೆ ಸಿಗುವ ಹಳೆಯ ಕಾರನ್ನು ಬಿಟ್ಟು ನಾಲ್ಕೂವರೆ ಲಕ್ಷದ ಉತ್ತಮ ಕಾರನ್ನು ಆರಿಸಿಕೊಂಡವನಿಗೆ ಮೂರು ವರ್ಷಗಳಲ್ಲಿ ಇಂಧನದಿಂದಲೇ 1.9 ಲಕ್ಷ ಮರಳುತ್ತದೆ. ಹಳೆಯ ಕಾರಿನ ಕ್ಲಚ್, ಸಸ್ಪೆನ್ಷನ್, ರೇಡಿಯೇಟರ್ ದುರಸ್ತಿಗಳನ್ನೂ, ದುರಸ್ತಿಯ ದಿನ ಕಳೆದುಕೊಳ್ಳುವ ರಜೆಯನ್ನೂ ಇದರೊಂದಿಗೆ ಸೇರಿಸಿದರೆ ಅಗ್ಗದ ಕಾರು ಬಿಳಿಯಾನೆಯಾಗಲು ಹೆಚ್ಚು ಕಾಲ ಬೇಕಿಲ್ಲ.

ಇಂಧನದ ತೆರಿಗೆಯೂ ಈ ಲೆಕ್ಕವನ್ನು ಬಿಗಿಗೊಳಿಸಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಅದೇ ವೇಳೆ ಏರಿದ್ದ ಡೀಸೆಲ್ ತೆರಿಗೆ 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿ ಶೇ 21.17 ಆಯಿತು. ಲೀಟರಿಗೆ ಎರಡು ರೂಪಾಯಿಯ ಏರಿಕೆ ಕೇಳಲು ಚಿಕ್ಕದು. ವರ್ಷಕ್ಕೆ ಎರಡು ಸಾವಿರ ಲೀಟರು ತುಂಬಿಸುವವನಿಗೆ ಅದು ನಾಲ್ಕು ಸಾವಿರ ರೂಪಾಯಿ.

ಪೆಟ್ರೋಲೋ, ಡೀಸೆಲ್ಲೋ, ಗ್ಯಾಸೋ?

ಇಷ್ಟು ದೂರ ಓಡುವವನಿಗೆ ಡೀಸೆಲ್ ಕಾರೇ ಲಾಭವೆಂಬ ನಂಬಿಕೆ ಹಳೆಯದು. ಅದರಲ್ಲಿ ಇಂದಿಗೂ ತಥ್ಯವಿದೆ. ಲೀಟರಿಗೆ 20 ಕಿ.ಮೀ. ಮತ್ತು 90 ರೂಪಾಯಿ ಎಂದು ಹಿಡಿದರೆ ವರ್ಷದ ಖರ್ಚು 1.8 ಲಕ್ಷ. ಆದರೆ ಅಗ್ಗದ ಸಣ್ಣ ಡೀಸೆಲ್ ಕಾರುಗಳಲ್ಲಿ ಬಹುಪಾಲು 2020ರ ಏಪ್ರಿಲ್ 1ಕ್ಕೆ ಮುಂಚಿನವು. ಅಂದು ಬಿಎಸ್-6 ಮಾನದಂಡ ಜಾರಿಯಾದಾಗ ಮಾರುತಿ ಸುಜುಕಿ ಸಂಸ್ಥೆಯು ಡೀಸೆಲ್ ಕಾರುಗಳಿಗೇ ವಿದಾಯ ಹೇಳಿತು. ಬಿಎಸ್-6 ಡೀಸೆಲ್ ಕಾರು ಸಿಕ್ಕರೆ ಅದರ ಹೊಗೆ ಕೊಳವೆಯಲ್ಲಿರುವ ಮಸಿ ಸೋಸುವ ಫಿಲ್ಟರ್ ಗಮನಿಸಬೇಕಾದ ಭಾಗ. ನಿರಂತರ ವೇಗದ ಹೆದ್ದಾರಿ ಓಟದಲ್ಲಿ ಅದು ತಾನಾಗಿಯೇ ಮಸಿಯನ್ನು ಸುಟ್ಟುಕೊಳ್ಳುತ್ತದೆ. ನಗರದ ದಟ್ಟಣೆಯಲ್ಲೇ ಓಡಿದ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ಹೆದ್ದಾರಿ ಪ್ರಯಾಣಿಕನಿಗೆ ಇದು ಅನುಕೂಲವೇ ಆದರೂ ಹಿಂದಿನ ಮಾಲೀಕ ಎಲ್ಲಿ ಓಡಿಸಿದ್ದ ಎಂಬ ವಿಚಾರಣೆ ಅಗತ್ಯ.

ಸಿಎನ್‌ಜಿ ಕಾರು ಕಿಲೋಗ್ರಾಂಗೆ 25 ಕಿ.ಮೀ. ಓಡಿ, ಗ್ಯಾಸಿನ ದರ 90 ರೂಪಾಯಿ ಇದ್ದರೆ ವರ್ಷಕ್ಕೆ 1.44 ಲಕ್ಷ ಸಾಕು. ಮೂರರಲ್ಲಿ ಇದೇ ಅಗ್ಗ. ಆದರೆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಗ್ಯಾಸ್ ಕಿಟ್ ಕಂಪನಿಯಿಂದಲೇ ಬಂದದ್ದೋ ಹೊರಗೆ ಕೂರಿಸಿದ್ದೋ, ಹೊರಗಿನದಾದರೆ ಆರ್‌ಸಿಯಲ್ಲಿ ನಮೂದಾಗಿದೆಯೋ ಎಂಬುದನ್ನು ನೋಡಬೇಕು. ಬಂಕಿನ ಮುಂದಿನ ಸಾಲಿನಲ್ಲಿ ಕಳೆಯುವ ಸಮಯವೂ ಒಂದು ಖರ್ಚೇ.

ಪೆಟ್ರೋಲ್ ಕಾರಿನವರಿಗೆ ಎದುರಾಗಿರುವ ಹೊಸ ವಿಷಯ ಶೇ 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲ್. 2023ರ ಏಪ್ರಿಲ್‌ಗೆ ಮುಂಚಿನ ಕಾರುಗಳಲ್ಲಿ ಹೆಚ್ಚಿನವು ಇದಕ್ಕಾಗಿ ರೂಪುಗೊಂಡವಲ್ಲ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೇ ಅಂತಹ ನಾಲ್ಕು ಚಕ್ರದ ವಾಹನಗಳ ಮೈಲೇಜ್ ಶೇ 6ರಿಂದ 7ರಷ್ಟು ಕುಸಿಯಬಹುದೆಂದು ಅಂದಾಜಿಸಿತ್ತು. ಕುಸಿತ ಅಲ್ಪವೆಂಬುದು 2025ರಲ್ಲಿ ಕೇಂದ್ರ ಸರ್ಕಾರ ನೀಡಿದ ಸಮಜಾಯಿಷಿ. ಶೇ 6 ಎಂದೇ ಹಿಡಿದರೆ ತುಮಕೂರು ಪ್ರಯಾಣಿಕನಿಗೆ ವರ್ಷಕ್ಕೆ ಸುಮಾರು 14 ಸಾವಿರ ರೂಪಾಯಿಯ ಹೆಚ್ಚುವರಿ ಹೊರೆ. ಇತರರಿಗೆ ಅಲ್ಪವಾದದ್ದು ದೂರದ ದಾರಿಯವನಿಗೆ ಅಲ್ಪವಲ್ಲ.

ವಿದ್ಯುತ್ ಕಾರಿನ ಲೆಕ್ಕದಲ್ಲೂ ಎಚ್ಚರ ಬೇಕು. ಟಾಟಾ ನೆಕ್ಸಾನ್ ಇವಿಯಂತಹ ಕಾರಿಗೆ ಕಂಪನಿ ಕೊಟ್ಟಿದ್ದ ಬ್ಯಾಟರಿ ಖಾತರಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅರವತ್ತು ಸಾವಿರ ಓಡಿದ ಕಾರನ್ನು ಕೊಂಡವನಿಗೆ ಕಾಗದದ ಮೇಲೆ ಎಷ್ಟು ವರ್ಷ ಉಳಿದಿದ್ದರೂ ರಸ್ತೆಯ ಮೇಲೆ ಉಳಿಯುವುದು ಎರಡೂವರೆ ವರ್ಷ ಮಾತ್ರ.

2019: ಒಂದು ಗೆರೆ

ಹಣದ ಲೆಕ್ಕಕ್ಕಿಂತ ದೊಡ್ಡದು ಜೀವದ ಲೆಕ್ಕ. ದಿನಕ್ಕೆ ಮೂರು ಗಂಟೆ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಕಳೆಯುವವನಿಗೆ ಕಾರಿನ ತಯಾರಿಕೆಯ ತಿಂಗಳು ಬಹು ಮುಖ್ಯ. 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ ಹಾಗೂ ಅದೇ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ವೇಗ ಮತ್ತು ಸೀಟ್ ಬೆಲ್ಟ್ ಎಚ್ಚರಿಕೆಗಳು ಕಡ್ಡಾಯವಾದವು. ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಕಡ್ಡಾಯವಾದದ್ದು 2021ರ ಅಂತ್ಯಕ್ಕೆ. ಅದಕ್ಕೂ ಮುಂಚಿನ ಕಾರುಗಳ ಅಗ್ಗದ ಆವೃತ್ತಿಗಳಲ್ಲಿ ಇವಾವುವೂ ಇಲ್ಲದಿರುವ ಸಾಧ್ಯತೆ ಹೆಚ್ಚು. ಒಂದೇ ಹೆಸರಿನ ಕಾರಿನ ಎರಡು ಆವೃತ್ತಿಗಳ ನಡುವೆ ಜೀವ ಉಳಿಸುವ ಸಾಧನಗಳ ಅಂತರವೇ ಇರಬಹುದು.

ಅಪಘಾತ ಪರೀಕ್ಷೆಯ ಫಲಿತಾಂಶಗಳೂ ಸಾರ್ವಜನಿಕವಾಗಿವೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಟಾಟಾ ನೆಕ್ಸಾನ್ 2018ರಲ್ಲಿ ಐದು ನಕ್ಷತ್ರ, 2020ರಲ್ಲಿ ಆಲ್ಟ್ರೋಜ್ ಐದು ಮತ್ತು ಟಿಯಾಗೊ ನಾಲ್ಕು ನಕ್ಷತ್ರ ಪಡೆದವು. ಹೆಚ್ಚು ಮೈಲೇಜ್ ಕೊಡುವ, ಬಿಡಿಭಾಗಗಳು ಎಲ್ಲೆಡೆ ಸಿಗುವ ವ್ಯಾಗನ್ ಆರ್ 2023ರಲ್ಲಿ ಪಡೆದದ್ದು ಒಂದೇ ನಕ್ಷತ್ರ. ಮಧ್ಯಮ ವರ್ಗದ ಗ್ರಾಹಕನ ಇಕ್ಕಟ್ಟು ಇಲ್ಲಿಯೇ ಇದೆ: ಕಡಿಮೆ ಖರ್ಚಿನ ಕಾರೇ ಸದಾ ಹೆಚ್ಚು ಸುರಕ್ಷಿತ ಕಾರಲ್ಲ. ಹೆದ್ದಾರಿಯಲ್ಲಿ ಬಾಳು ಸವೆಸುವವನು ಲೀಟರಿಗೆ ಎರಡು ಕಿಲೋಮೀಟರು ಬಿಟ್ಟುಕೊಟ್ಟಾದರೂ ಗಟ್ಟಿ ಕಾರನ್ನು ಆರಿಸುವುದು ವಿವೇಕ.

ಕಾರೊಂದೇ ರಕ್ಷಕವಲ್ಲ ಎಂಬುದೂ ನಿಜ. 2024ರ ಡಿಸೆಂಬರ್ 21ರಂದು ಇದೇ ಹೆದ್ದಾರಿಯಲ್ಲಿ, ನೆಲಮಂಗಲ ಬಳಿ, ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ಮೃತಪಟ್ಟರು. ಆ ಭಾರದ ಮುಂದೆ ಯಾವ ನಕ್ಷತ್ರವೂ ನಿಲ್ಲಲಾರದು. ಆದರೆ ಹೆದ್ದಾರಿಯ ಎಲ್ಲ ಅಪಘಾತಗಳೂ ಅಂಥವಲ್ಲ. ಬ್ರೇಕ್ ಮತ್ತು ಏರ್‌ಬ್ಯಾಗ್ ಬದುಕಿಸಬಲ್ಲ ಅಪಘಾತಗಳಿಗೆ ಸಿದ್ಧವಾಗಿರುವುದಷ್ಟೇ ಕೊಳ್ಳುವವನ ಕೈಯಲ್ಲಿದೆ.

ತೆರಿಗೆ ಬದಲಿಸಿದ ಮಾರುಕಟ್ಟೆ

2025ರ ಸೆಪ್ಟೆಂಬರ್ 22ರಂದು ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ರದ್ದಾಯಿತು. ತೆರಿಗೆಗೆ ಮುನ್ನ 5 ಲಕ್ಷ ರೂಪಾಯಿ ಬೆಲೆಯ ಸಣ್ಣ ಪೆಟ್ರೋಲ್ ಕಾರು 6.45 ಲಕ್ಷದಿಂದ 5.90 ಲಕ್ಷಕ್ಕೆ ಬಂದಂತಾಯಿತು. ಹೊಸದರ ಬೆಲೆ 55 ಸಾವಿರ ಇಳಿದ ಮೇಲೆ ಅದೇ ಕಾರಿನ ಎರಡು ಮೂರು ವರ್ಷ ಹಳೆಯ ಪ್ರತಿಗೆ ಹಿಂದಿನ ಬೆಲೆ ಹೇಳುವುದು ನ್ಯಾಯವಲ್ಲ. ಚೌಕಾಸಿ ಮಾಡುವವನ ಕೈಯಲ್ಲಿ ಇದೊಂದು ಅಸ್ತ್ರ. ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚಿನ ಬಡ್ಡಿ ವಿಧಿಸುವುದರಿಂದ, ತೀರ ಇತ್ತೀಚಿನ ಹಳೆಯ ಕಾರಿಗಿಂತ ಹೊಸದೇ ಲಾಭದಾಯಕವಾಗುವ ಸಂದರ್ಭಗಳೂ ಉಂಟು.

ಹಳೆಯ ಕಾರಿನ ಮೇಲಿನ ಜಿಎಸ್‌ಟಿ ಬಗ್ಗೆಯೂ ಗೊಂದಲವಿದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯು ದರವನ್ನು ಶೇ 18 ಎಂದು ಏಕರೂಪಗೊಳಿಸಿತು. ಇದು ನೋಂದಾಯಿತ ವ್ಯಾಪಾರಿಯ ಲಾಭದ ಮೇಲಿನ ತೆರಿಗೆಯೇ ಹೊರತು ಪೂರ್ಣ ಬೆಲೆಯ ಮೇಲಿನದಲ್ಲ. ವ್ಯಾಪಾರಿ 4 ಲಕ್ಷಕ್ಕೆ ಕೊಂಡು ನಾಲ್ಕೂವರೆ ಲಕ್ಷಕ್ಕೆ ಮಾರಿದರೆ ತೆರಿಗೆ 9 ಸಾವಿರ. ನೋಂದಣಿಯಿಲ್ಲದ ಸಾಮಾನ್ಯ ವ್ಯಕ್ತಿ ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಈ ತೆರಿಗೆ ಇಲ್ಲ.

ಟೋಲ್ ವೆಚ್ಚಕ್ಕೆ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ತುಸು ನೆಮ್ಮದಿ ತಂದಿದೆ. ಆದರೆ ಹೆಸರು ವಾರ್ಷಿಕವಾದರೂ ಮಿತಿ 200 ಟ್ರಿಪ್. ಸಾಮಾನ್ಯವಾಗಿ ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ದಾರಿಯಲ್ಲಿ ಎರಡು ಟೋಲ್ ಇದ್ದು ಹೋಗಿಬರುವವನಿಗೆ ಪಾಸ್ ಐವತ್ತೇ ದಿನಗಳಲ್ಲಿ ಮುಗಿಯುತ್ತದೆ. ಪಾಸ್ ಕಾರಿನ ನೋಂದಣಿ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಹಳೆಯ ಕಾರಿನೊಂದಿಗೆ ಬಂದ ಹಿಂದಿನ ಮಾಲೀಕನ ಫಾಸ್ಟ್ಯಾಗ್ ತೆಗೆಸಿ ಹೊಸದು ಪಡೆಯುವುದು ಮೊದಲ ಕೆಲಸವಾಗಬೇಕು.

ಕಾಗದ ಪತ್ರಗಳ ಜಾಡು

ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಬೇರೆ ರಾಜ್ಯಗಳಲ್ಲಿ ಅಗ್ಗಕ್ಕೆ ಬಿಕರಿಯಾಗುತ್ತ ಬಂದಿವೆ. ಆದರೆ ಅಂತಹ ಕಾರಿಗೆ ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು. ಕರ್ನಾಟಕದಲ್ಲಿ ಮರುನೋಂದಣಿಗೆ ಕಾರಿನ ವಯಸ್ಸಿಗೆ ಅನುಗುಣವಾಗಿ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿ ನೋಡದೆ ‘ಡೆಲ್ಲಿ ಗಾಡಿ ಅಗ್ಗ’ ಎನ್ನುವಂತಿಲ್ಲ.

ಹೆಸರು ವರ್ಗಾವಣೆಯಲ್ಲಿ ಉದಾಸೀನ ಸಲ್ಲದು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವನು 14 ದಿನಗಳಲ್ಲಿ ವಿಮೆಯ ವರ್ಗಾವಣೆಗೂ ಅರ್ಜಿ ಹಾಕಬೇಕು. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವನೇ ಅಪಘಾತ ಪರಿಹಾರಕ್ಕೆ ಹೊಣೆಯಾದ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿದವನಿಗೂ ಇದು ಎಚ್ಚರಿಕೆಯ ಗಂಟೆ.

ಇನ್ನು ಓಡೊಮೀಟರ್. ಅದರ ಅಂಕಿಯನ್ನು ತಿರುಚುವುದು ಈ ವ್ಯಾಪಾರದ ಹಳೆಯ ರೋಗ. ಕಂಪನಿಯ ಸರ್ವಿಸ್ ದಾಖಲೆಯಲ್ಲಿ ಪ್ರತಿ ಭೇಟಿಯ ಕಿಲೋಮೀಟರ್ ನಮೂದಾಗಿರುತ್ತದೆ. ಅದನ್ನು ತೋರಿಸಲು ಹಿಂಜರಿಯುವವನ ಕಾರನ್ನು ಬಿಡುವುದೇ ಲೇಸು. ಸವೆದ ಪೆಡಲ್, ನುಣುಪಾದ ಸ್ಟಿಯರಿಂಗ್, ಜೋತುಬಿದ್ದ ಚಾಲಕನ ಆಸನ ಇವು ಮೂವತ್ತು ಸಾವಿರ ಕಿ.ಮೀ. ಓಡಿದ ಕಾರಿನ ಲಕ್ಷಣಗಳಲ್ಲ. ನಂಬಿಕೆಯ ಮೆಕ್ಯಾನಿಕ್‌ನನ್ನು ಕರೆದೊಯ್ದು, ತಣ್ಣಗಿರುವ ಎಂಜಿನ್ನನ್ನು ಅವನ ಎದುರೇ ಚಾಲೂ ಮಾಡಿಸಿ, ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು.

ಕೈಯಲ್ಲಿ ಎರಡೂವರೆ ಲಕ್ಷವೇ ಇದ್ದರೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರಿಗೆ ಈ ಮಾತುಗಳೆಲ್ಲ ದುಬಾರಿ ಉಪದೇಶವೆನಿಸಬಹುದು. ಅಂಥವರ ಮುಂದಿರುವ ದಾರಿ ಕಾರು ಓಡುವ ದೂರವನ್ನೇ ಕಡಿಮೆ ಮಾಡುವುದು. 2024ರ ನವೆಂಬರ್‌ನಲ್ಲಿ ನಮ್ಮ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಅಲ್ಲಿಯವರೆಗೆ ಕಾರು, ಮುಂದೆ ಮೆಟ್ರೋ ಎಂದುಕೊಂಡರೆ ಮಾರ್ಗದ ಅತಿ ದಟ್ಟಣೆಯ ಭಾಗ ತಪ್ಪುತ್ತದೆ. ಇಬ್ಬರು ಸಹೋದ್ಯೋಗಿಗಳು ಸರದಿಯಂತೆ ಕಾರು ತಂದರೆ ಒಬ್ಬೊಬ್ಬರ ಕಾರಿನ ಓಟ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೆ ಇಳಿಯುತ್ತದೆ. ಆಗ ಹಳೆಯ ಕಾರೂ ತಾಳಿಕೊಂಡೀತು.

ಆದರೆ ಹೊಣೆಯನ್ನೆಲ್ಲ ಪ್ರಯಾಣಿಕನ ಜಾಣ್ಮೆಗೇ ಬಿಡುವುದು ನ್ಯಾಯವಲ್ಲ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರು ಉಪನಗರ ರೈಲು ಯೋಜನೆಯ ಬೈಯಪ್ಪನಹಳ್ಳಿ ಮಾರ್ಗ ಈ ದಿಕ್ಕಿನಲ್ಲಿ ಕೊನೆಗೊಳ್ಳುವುದು ಚಿಕ್ಕಬಾಣಾವರದಲ್ಲಿ, ತುಮಕೂರು ಅದರಾಚೆಗಿದೆ. ನಗರ ಬೆಳೆದಷ್ಟೂ ನೌಕರನ ಮನೆ ದೂರ ಸರಿಯುತ್ತದೆ, ಆ ದೂರದ ವೆಚ್ಚವನ್ನು ಅವನೇ ಪೆಟ್ರೋಲ್, ತೆರಿಗೆ, ಟೋಲ್ ರೂಪದಲ್ಲಿ ತೆರುತ್ತಾನೆ. ಪಾಳಿಗೆ ಹೊಂದುವ ವೇಳೆಯಲ್ಲಿ ಇನ್ನಷ್ಟು ರೈಲುಗಳನ್ನು ಓಡಿಸುವುದು, ಪ್ರತಿ ಸರ್ವಿಸ್‌ನ ಓಡೊಮೀಟರ್ ಅಂಕಿಯನ್ನು ಕೊಳ್ಳುವವನು ಸರ್ಕಾರಿ ದಾಖಲೆಯಲ್ಲೇ ನೋಡುವಂತೆ ಮಾಡುವುದು ಅಸಾಧ್ಯದ ಕೆಲಸಗಳೇನಲ್ಲ. ಅವು ಆಗುವವರೆಗೆ, ಮುಂಗಡ ಕೊಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ವರ್ಷಗಳ ಇಂಧನ, ಟೈರು, ದುರಸ್ತಿ, ವಿಮೆ, ಟೋಲ್ ಎಲ್ಲವನ್ನೂ ಕೂಡಿ ಓಡಲಿರುವ ಕಿಲೋಮೀಟರುಗಳಿಂದ ಭಾಗಿಸಿ ನೋಡುವುದೇ ಪ್ರಯಾಣಿಕನಿಗೆ ಉಳಿದಿರುವ ರಕ್ಷಣೆ.